ನಲವತ್ತರಲ್ಲೇ ನಿಂತ ಸರದಿ

ಹತ್ತನೇ ಸೋಮವಾರವೂ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯ ಆಚೆಯಿಂದ ಅದೇ ಅಂಕಿ ಬಂತು.

“ನಲವತ್ತು,” ಅಂದಳು ಚೀಟಿಯಮ್ಮ.

“ಹೋದ ವಾರಾನೂ ನಲವತ್ತೇ ಅಂದಿದ್ರಲ್ಲ ಮೇಡಂ?”

“ಹೋದ ವಾರದ್ದು ಹೋದ ವಾರಕ್ಕೇ ಆಯ್ತು. ಈಗ ನಲವತ್ತು ತೋರಿಸ್ತಿದೆ, ನಲವತ್ತು ಅಂತಿದೀನಿ. ನಾನೇನು ಮನೆಯಿಂದ ತಂದು ಹೇಳ್ತೀನಾ? ಮುಂದಿನೋರು ಬನ್ನಿ.”

ಮುಳ್ಳಣ್ಣ ಪಕ್ಕಕ್ಕೆ ಸರಿದ. ಅಂಗಿ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಎಡಗಣ್ಣಿಗೆ ಅಂಟಿಸಿಕೊಂಡಂತೆ ಹಿಡಿದು, ‘ನಲವತ್ತು’ ಅಂತ ಬರೆದ. ಅದರ ಮೇಲಿನ ಸಾಲುಗಳಲ್ಲಿ ನಲವತ್ತೊಂದು, ಮೂವತ್ತೊಂಬತ್ತು, ನಲವತ್ತು, ನಲವತ್ತು, ಮತ್ತೆ ನಲವತ್ತೊಂದು. ಗಡಿಯಾರ ರಿಪೇರಿ ಮಾಡುವವನಿಗೆ ಇದು ಸರದಿಯ ಹಾಗೆ ಕಾಣಲಿಲ್ಲ, ಕೆಟ್ಟು ನಿಂತ ಗಡಿಯಾರದ ಹಾಗೆ ಕಂಡಿತು. ಕೆಟ್ಟು ನಿಂತದ್ದನ್ನು ಕಂಡರೆ ಅವನಿಗೆ ಮೊದಲು ಹುಟ್ಟುವ ಪ್ರಶ್ನೆ: ಇದಕ್ಕೆ ಕೈ ಹಾಕಿದವರು ಯಾರು?

ಗಡಿಯಾರಕ್ಕೆ ಮುಳ್ಳು ಕೂರಿಸುವುದರಿಂದ ತನ್ನನ್ನು ಮುಳ್ಳಣ್ಣ ಅಂತ ಕರೆಯುತ್ತಾರೆ ಅಂತ ಅವನ ನಂಬಿಕೆ. ಮಾತಾಡಿಸಿದವರಿಗೆಲ್ಲ ಚುಚ್ಚುವುದರಿಂದ ಅಂತ ಅವನ ಹೆಂಡತಿಯ ನಂಬಿಕೆ.

ಅವನ ಬಲಗಣ್ಣಿಗೆ ಪೊರೆ ಬಂದಿತ್ತು. ಪೊರೆ ಅಂದರೆ ಕಾಪಾಡು ಅಂತಲೂ ಅರ್ಥವಿದೆಯಂತೆ. ಈ ಪೊರೆ ಮಾತ್ರ ಅವನ ಹೊಟ್ಟೆಪಾಡನ್ನೇ ಮುಚ್ಚಿಕೊಂಡು ಬರುತ್ತಿತ್ತು. ಮೂವತ್ತೆರಡು ವರ್ಷ ಭೂತಗನ್ನಡಿ ಸಿಕ್ಕಿಸಿಕೊಂಡದ್ದು ಆ ಕಣ್ಣಿಗೇ. ಎಡಗಣ್ಣಿಗೆ ಸಿಕ್ಕಿಸಿದರೆ ಸ್ಕ್ರೂ ಒಂದು ಕಡೆ, ಸ್ಕ್ರೂಡ್ರೈವರ್ ಇನ್ನೊಂದು ಕಡೆ. ಆಪರೇಷನ್ ಮಾಡುವ ಡಾಕ್ಟರು ಈ ಆಸ್ಪತ್ರೆಯಲ್ಲಿ ಇರುವುದು ಮೇ ತಿಂಗಳ ಕೊನೆಯವರೆಗೆ, ವಾರಕ್ಕೆ ಹನ್ನೆರಡು ಕಣ್ಣು. ಆಮೇಲೆ ಉಳಿದವರೆಲ್ಲ ಬೇರೆ ಊರಿನ ಆಸ್ಪತ್ರೆಗೆ ಹೋಗಿ ಹೊಸದಾಗಿ ಹೆಸರು ಬರೆಸಬೇಕು, ಅಲ್ಲಿ ಒಂದೂವರೆ ವರ್ಷ ಕಾಯಬೇಕು. ಜನ ಕೈಗಡಿಯಾರ ಕಟ್ಟುವುದೇ ಕಮ್ಮಿಯಾಗಿರುವ ಕಾಲದಲ್ಲಿ ಒಂದೂವರೆ ವರ್ಷ ಅಂಗಡಿ ಮುಚ್ಚಿದರೆ ಮತ್ತೆ ತೆರೆಯುವ ಮಾತೇ ಇಲ್ಲ. ಉಳಿದದ್ದು ಮೂರು ವಾರ, ಮೂವತ್ತಾರು ಕಣ್ಣು. ಅವನ ನಂಬರು ನಲವತ್ತು.

“ಯಾರೋ ಅವಳಿಗೆ ಕೀ ಕೊಟ್ಟಿದಾರೆ,” ಅಂದ ಮನೆಗೆ ಬಂದು.

“ಗಡಿಯಾರಕ್ಕೆ ಕೀ ಕೊಟ್ಟೂ ಕೊಟ್ಟೂ ನಿಮಗೆ ಹಾಗನ್ಸುತ್ತೆ,” ಅಂದಳು ಹೆಂಡತಿ, ಬಟ್ಟೆ ಮಡಿಸುತ್ತಾ. “ಎಲ್ಲರಿಗೂ ಯಾರೋ ಕೀ ಕೊಡ್ತಾನೇ ಇರ್ತಾರೆ. ನಿಮ್ಮೊಬ್ಬರಿಗೇ ಬ್ಯಾಟರಿ.”

“ಬೇಕರಿಯೋನಿಗೆ ಆಗೋಯ್ತಲ್ಲ? ನನಗಿಂತ ಎರಡು ವಾರ ಆದ್ಮೇಲೆ ಹೆಸರು ಬರೆಸಿದೋನು! ನಿನ್ನೆ ನನ್ನ ಅಂಗಡಿ ಮುಂದೆ ನಿಂತು, ಆ ಬೋರ್ಡ್ ಓದ್ತೀನಿ ಕೇಳು, ಈ ಬೋರ್ಡ್ ಓದ್ತೀನಿ ಕೇಳು ಅಂತ ಬೀದಿ ಪೂರಾ ಓದ್ದ. ಏನು ಮಾಡಿದೆ ಮಾರಾಯ ಅಂದ್ರೆ, ‘ಏನೂ ಇಲ್ಲ, ನಾನು ಒಂದು ಸಲಾನೂ ಹೋಗಿ ಕೇಳ್ಲಿಲ್ಲ, ಅವರೇ ಫೋನ್ ಮಾಡಿ ಕರೆದ್ರು’ ಅಂತಾನೆ. ಕೇಳ್ದೇ ಇರೋನನ್ನ ಯಾರಾದ್ರೂ ಕರೀತಾರಾ? ಒಳಗಡೆ ಅವನಿಗೆ ಯಾರೋ ಇದಾರೆ.”

“ಇದ್ರೆ ಬ್ರೆಡ್ಡಲ್ಲಿ ಇರಬೇಕು.”

“ನಗು. ಅವಳಿಗೆ ಆ ಹಳೇ ವಾಚಿನ ಸಿಟ್ಟು.”

ಏಳು ವರ್ಷದ ಹಿಂದೆ ಚೀಟಿಯಮ್ಮ ತನ್ನ ಕೈಗಡಿಯಾರವನ್ನು ಮುಳ್ಳಣ್ಣನ ಅಂಗಡಿಗೆ ಕೊಟ್ಟಿದ್ದಳು. ವಾಪಸ್ ತಗೊಳ್ಳುವಾಗ ಕಿವಿಗೆ ಹಿಡಿದು, “ಒಳಗಿನ ಮಿಷಿನ್ ನಂದೇ ತಾನೆ?” ಅಂತ ಕೇಳಿದ್ದಳು. ಮುಳ್ಳಣ್ಣ, “ಒಳಗಿನದು ಯಾರಿಗೆ ಗೊತ್ತು ಮೇಡಂ, ಹೊರಗಿನದಂತೂ ನಿಮ್ದೇ” ಅಂದಿದ್ದ. ತಮಾಷೆಗೆ ಅಂದದ್ದು. ಅವಳು ನಗಲಿಲ್ಲ. ಅವತ್ತಿನಿಂದ ಅವಳ ಗಡಿಯಾರ ಎರಡು ನಿಮಿಷ ಹಿಂದೆ ಬಿದ್ದರೂ ಮುಳ್ಳಣ್ಣ ಅವಳ ಮನಸ್ಸಿನಲ್ಲಿ ನಾಲ್ಕು ಮೆಟ್ಟಿಲು ಕೆಳಗೆ ಬೀಳುತ್ತಿದ್ದ.

ಕಿಟಕಿಯ ಒಳಗಡೆಯೂ ಅನುಮಾನಕ್ಕೆ ಬರವಿರಲಿಲ್ಲ. ಸೋಮವಾರ, ಗುರುವಾರ ಬಂದು ಆಸ್ಪತ್ರೆಯ ಪ್ರೋಗ್ರಾಂ ನೋಡಿಕೊಂಡು ಹೋಗುವ ಕಂಪ್ಯೂಟರ್ ಮೇಡಂ ಹತ್ತಿರ ಚೀಟಿಯಮ್ಮ ದೂರಿದಳು.

“ಆ ಗಡಿಯಾರದೋನು ವಾರಾವಾರ ಬಂದು ಪುಸ್ತಕದಲ್ಲಿ ಬರ್ಕೊಂಡು ಹೋಗ್ತಾನೆ. ನಾಳೆ ನಾನೇ ಸರದಿ ತಿದ್ದಿದೀನಿ ಅಂತ ತಲೆಗೆ ಕಟ್ತಾನೆ, ನೋಡ್ತಿರಿ.”

“ತಿದ್ದೋಕೇ ಆಗಲ್ಲ ಅಕ್ಕ. ಸರದಿ ನಿಂತಿರೋದು ಹೆಸರು ಬರೆಸಿದ ತಾರೀಕಿನ ಮೇಲೆ. ಆ ತಾರೀಕಿಗೆ ಬೀಗ ಹಾಕಿದೀನಿ. ನೀವಲ್ಲ, ದೊಡ್ಡ ಡಾಕ್ಟರು ಬಂದ್ರೂ ಮುಟ್ಟೋಕಾಗಲ್ಲ.”

ಚೀಟಿಯಮ್ಮ ಒಂದು ಗಳಿಗೆ ಸಮಾಧಾನಪಟ್ಟು, ಆಮೇಲೆ ಹುಬ್ಬು ಗಂಟಿಕ್ಕಿದಳು. “ಅಂದ್ರೆ ನಾನು ಮುಟ್ತೀನಿ ಅಂತ ನಿಮಗೆ ಮೊದ್ಲಿಂದ್ಲೂ ಅನುಮಾನ ಇತ್ತು ಅನ್ನಿ.”

ಆ ಬುಧವಾರ ಆಸ್ಪತ್ರೆಯ ಹಾಲ್‌ನಲ್ಲಿ ಗೋಡೆಗೆ ಟಿವಿ ಹಾಕಿದರು. ಯಾರ ಸರದಿ ಎಷ್ಟನೆಯದು ಅಂತ ಜನ ತಾವೇ ನೋಡಿಕೊಳ್ಳಲಿ, ಕಿಟಕಿಗೆ ಬಂದು ತಲೆ ತಿನ್ನದಿರಲಿ ಅಂತ ದೊಡ್ಡ ಡಾಕ್ಟರ ಉಪಾಯ. ಆದರೆ ಹಾಲ್‌ನಲ್ಲಿ ಕಾಯುವವರೆಲ್ಲ ಕಣ್ಣು ಕಾಣದವರು. ಟಿವಿ ನೋಡಿ, ಏನೂ ಕಾಣದೆ, ಕಿಟಕಿಗೇ ಹೋಗಿ ಕೇಳುತ್ತಿದ್ದರು.

ಮುಳ್ಳಣ್ಣನಿಗೆ ಒಂದು ಕಣ್ಣಿತ್ತು. ಒಂದು ಹೆಂಡತಿಯೂ ಇದ್ದಳು. ಹನ್ನೊಂದನೇ ಸೋಮವಾರ ಎರಡನ್ನೂ ಬೇರೆ ಬೇರೆ ಕಡೆ ನಿಲ್ಲಿಸಿದ.

“ನೀನು ಕಿಟಕಿಗೆ ಹೋಗಿ ನನ್ನ ನಂಬರ್ ಕೇಳು. ನಾನು ಟಿವಿ ಕೆಳಗೆ ನಿಂತಿರ್ತೀನಿ.”

“ಟಿವೀಲೇ ಕಾಣ್ತಿದ್ರೆ ನಾನ್ಯಾಕೆ ಕೇಳ್ಬೇಕು?”

“ಅದಕ್ಕೇ ಕೇಳ್ಬೇಕು.”

ಟಿವಿಯಲ್ಲಿ ನಲವತ್ತರ ಎದುರು ಅವನ ಕಾರ್ಡಿನ ನಂಬರು: 2716. ಹೆಂಡತಿ ಕಿಟಕಿಗೆ ಬಗ್ಗಿದಳು. ಚೀಟಿಯಮ್ಮ ಹುಡುಕಿದಳು, ನೋಡಿದಳು, “ನಲವತ್ತು” ಅಂದಳು. ಮೌಸು ಟಕ್ ಅಂತು. ಮುಳ್ಳಣ್ಣನ ವಿಷಯವಾದ್ದರಿಂದ ಇನ್ನೊಂದು ಸಲ ಟಕ್ ಅಂತು. ಟಿವಿ ಕಣ್ಣು ಮಿಟುಕಿಸಿತು. ನಲವತ್ತರ ಎದುರು ಬೇರೆ ಯಾರೋ ಬಂದು ಕೂತರು. 2716 ಪಟ್ಟಿಯ ತಳದಲ್ಲಿ, ಐವತ್ತಮೂರರಲ್ಲಿ ಬಿದ್ದಿತ್ತು.

“ಹಿಡಿದೆ!” ಅಂತ ಕೂಗಿದ. “ಕಣ್ಣಾರೆ ಕಂಡೆ!” ಒಂದೇ ಕಣ್ಣಾರೆ ಕಂಡದ್ದಾದರೂ ಕೂಗು ಎರಡು ಕಣ್ಣಿನಷ್ಟಿತ್ತು. “ನಲವತ್ತರಲ್ಲಿದ್ದೋನನ್ನ ಐವತ್ತಮೂರಕ್ಕೆ ತಳ್ಳಿದ್ರು! ನನ್ನ ಕಣ್ಣೆದುರಿಗೇ!”

ಹಾಲ್ ಎದ್ದು ನಿಂತಿತು. “ನಂದೂ ಹಾಗೇ ಆಗ್ತಿದೆ,” ಅಂದ ಒಬ್ಬ. “ನಾನು ಬಂದು ಕೇಳಿದಷ್ಟೂ ಹಿಂದೆ ಹೋಗ್ತೀನಿ,” ಅಂದಳು ಇನ್ನೊಬ್ಬಳು. “ನಮ್ಮತ್ತೆ ಬಂದು ಕೇಳೋದು ಬಿಟ್ರು, ಮುಂದಿನ ತಿಂಗಳೇ ಕರೆದ್ರು,” ಅಂದ ಮೂರನೆಯವನು. ಒಬ್ಬೊಬ್ಬರಿಗೆ ತಿಳಿದಿದ್ದದ್ದು ಒಂದೊಂದು ಚೂರು ಮಾತ್ರ.

ಚೀಟಿಯಮ್ಮ ಕುರ್ಚಿಯಿಂದ ಎದ್ದಳು. “ನನ್ನ ಕೈ ಆ ತಾರೀಕು ಮುಟ್ಟಿದ್ರೆ ತೋರ್ಸಿ! ಹತ್ತೊಂಬತ್ತು ವರ್ಷ ಸರ್ವೀಸು ನಂದು. ಇನ್ನೊಬ್ಬರ ವಾಚಿನ ಮಿಷಿನ್ ಬದಲಾಯಿಸಿ ಬದುಕಿಲ್ಲ!”

“ಮಿಷಿನ್ ನಿಮ್ದೇ ಅಮ್ಮ! ನಿಮ್ಮ ಹಾಗೇ ನಿಧಾನಕ್ಕೆ ಓಡ್ತಿತ್ತು, ಅಷ್ಟೇ!”

ಗಲಾಟೆ ಕೇಳಿ ಕಂಪ್ಯೂಟರ್ ಮೇಡಂ ಒಳಗಿನ ಕೋಣೆಯಿಂದ ಬಂದಳು. ಪರದೆಯನ್ನು ಕಿಟಕಿಯ ಕಡೆಗೆ ತಿರುಗಿಸಿ ತೋರಿಸಿದಳು. ಹೆಸರಿನ ಪೆಟ್ಟಿಗೆ ಬಿಳಿ, ಅದರಲ್ಲಿ ಟೈಪ್ ಮಾಡಬಹುದು. ಫೋನಿನ ಪೆಟ್ಟಿಗೆ ಬಿಳಿ. ತಾರೀಕಿನ ಪೆಟ್ಟಿಗೆ ಮಾತ್ರ ಬೂದು ಬಣ್ಣ. ಎಷ್ಟು ಒತ್ತಿದರೂ ಬಾಯಿ ಬಿಡಲಿಲ್ಲ.

“ನೋಡಿ ಸರ್, ಬೀಗ. ಇದನ್ನ ಯಾರೂ ತಿದ್ದೋಕಾಗಲ್ಲ.”

“ಬೀಗ ಹಾಕಿದ ಮನೇಲಿ ಕಳ್ಳತನ ಆದ್ರೆ ಬೀಗ ಮಾಡಿದೋರನ್ನೇ ಕೇಳ್ಬೇಕು,” ಅಂದ ಮುಳ್ಳಣ್ಣ. ಅನುಮಾನಕ್ಕೆ ಹೊಸ ಮನೆ ಸಿಕ್ಕಿತ್ತು. ಆದರೆ ಅಷ್ಟರಲ್ಲಿ ಎಡಗಣ್ಣು ಪರದೆಯ ಹತ್ತಿರ ಹೋಗಿತ್ತು. “ತಡೀರಿ. ಇಲ್ಲಿ ಇವತ್ತಿನ ತಾರೀಕು ಯಾಕಿದೆ? ಹತ್ತು ಗಂಟೆ ಹದಿನಾಲ್ಕು ನಿಮಿಷ ಅಂತಿದೆ. ನಾನು ಹೆಸರು ಬರೆಸಿದ್ದು ಮಾರ್ಚ್ ನಾಲ್ಕು.”

ಕಂಪ್ಯೂಟರ್ ಮೇಡಂ ಬಗ್ಗಿ ನೋಡಿದಳು. ಚೀಟಿಯಮ್ಮನೂ ನೋಡಿದಳು. “ನಾನು ತಾರೀಕು ನೋಡೋದೇ ಇಲ್ಲ,” ಅಂದಳು. “ಜನ ಕೇಳೋದು ನಂಬರು, ನಾನು ಹೇಳೋದು ನಂಬರು.”

ಮುಳ್ಳಣ್ಣನ ದನಿ ಬದಲಾಯಿತು. ಅಂಗಡಿಯಲ್ಲಿ ಗಡಿಯಾರ ಬಿಚ್ಚುವ ಮೊದಲು ಮಾತಾಡುವ ದನಿ ಅದು. “ಮೇಡಂ, ವಾಚು ತಂದೋರನ್ನ ನಾವು ಮೊದ್ಲು ಕೇಳೋದು, ಕೆಡೋ ಮುಂಚೆ ನಿಮ್ಮ ಕೈಯಲ್ಲಿ ಏನೇನಾಯ್ತು ಅಂತ. ನನ್ನ ನಂಬರು ನೋಡುವಾಗ ಏನೇನು ಮಾಡ್ತೀರೋ ಒಂದೊಂದಾಗಿ ಮಾಡಿ. ಏನೂ ಬಿಡ್ಬೇಡಿ.”

ಚೀಟಿಯಮ್ಮ ಮಾಡಿದಳು. ಕಾರ್ಡ್ ನಂಬರು ಹಾಕಿದಳು, ಹುಡುಕಿದಳು, ಅವನ ಹಾಳೆ ತೆರೆದಳು, ಸರದಿ ಓದಿದಳು. ಆಮೇಲೆ ಕೆಳಗಿದ್ದ ಸೇವ್ ಒತ್ತಿದಳು. ಬೂದು ಪೆಟ್ಟಿಗೆಯಲ್ಲಿ ಹತ್ತು ಗಂಟೆ ಮೂವತ್ತೊಂದು ನಿಮಿಷವಾಯಿತು.

“ಅದನ್ನ್ಯಾಕೆ ಒತ್ತಿದ್ರಿ? ನೋಡಿದ್ದಷ್ಟೇ ಅಲ್ವಾ, ಏನೂ ಬರೀಲಿಲ್ಲವಲ್ಲ?”

“ಒತ್ತದೆ ಹೇಗಿರ್ತಾರೆ? ಹಳೇ ಕಂಪ್ಯೂಟರಲ್ಲಿ ಒಂದಿನ ಸೇವ್ ಒತ್ತದೆ ಟೀಗೆ ಎದ್ದೆ. ವಾಪಸ್ ಬರೋದ್ರೊಳಗೆ ಅರವತ್ತಮೂರು ಜನ ಅಳಿಸಿಹೋಗಿದ್ರು. ದೊಡ್ಡ ಡಾಕ್ಟರು ಎಲ್ಲರ ಎದುರಿಗೆ ಬೈದ್ರು. ಅವತ್ತಿಂದ ಸೇವ್ ಕಂಡಲ್ಲೆಲ್ಲ ಒತ್ತೋದೇ. ಹೋಗೋವಾಗ ಬಾಗಿಲು ಎಳ್ಕೊಂಡು ಹೋಗ್ತೀವಲ್ಲ, ಹಾಗೆ.” ಮುಳ್ಳಣ್ಣನನ್ನು ನೋಡಿ ಸೇರಿಸಿದಳು, “ನಿಮ್ದು ಎರಡು ಸಲ. ಏನಾದ್ರೂ ಅಳಿಸಿದ್ರೆ ನನ್ನ ಮೇಲೆ ಬರ್ತೀರಲ್ಲ ಅಂತ.”

ಜನರ ಸೇವೆಗೆ ಕೂತವಳು ಸೇವ್ ಒತ್ತಿ ಒತ್ತಿಯೇ ಜನರನ್ನು ಹಿಂದಕ್ಕೆ ತಳ್ಳಿದ್ದಳು.

ಕಂಪ್ಯೂಟರ್ ಮೇಡಂ ಲ್ಯಾಪ್‌ಟಾಪ್ ತೆರೆದು ತಾನೇ ಬರೆದ ಕಡತ ನೋಡಿದಳು. ಅದರಲ್ಲಿ ಪ್ರತಿಯೊಂದು ಕಾಲಂಗೂ ಒಂದೊಂದು ಕರಾರು. ಹೆಸರು ನೂರು ಅಕ್ಷರ ಮೀರಬಾರದು. ಫೋನು ಖಾಲಿ ಇದ್ದರೂ ನಡೆಯುತ್ತದೆ. ಕಣ್ಣು ಎಡ, ಬಲ, ಎರಡೂ ಈ ಮೂರರಲ್ಲಿ ಒಂದು. ಕಾರ್ಡ್ ನಂಬರು ಇಬ್ಬರಿಗೆ ಒಂದೇ ಇರಬಾರದು. ತಾರೀಕಿನ ಎದುರು ‘ಆಟೋ ನೌ’ ಅಂತ ಇತ್ತು. ಅವಳು ಓದುವುದನ್ನು ನಿಲ್ಲಿಸಿ ಹಣೆ ಒತ್ತಿಕೊಂಡಳು.

“ತಪ್ಪು ನಂದು,” ಅಂದಳು. “ತಾರೀಕು ತಾನಾಗೇ ತುಂಬ್ಕೊಳ್ಳಲಿ, ಯಾರ ಕೈಗೂ ಸಿಗಬಾರ್ದು ಅಂತ ಈ ಕರಾರು ಹಾಕ್ದೆ. ಇದರಲ್ಲಿ ಎರಡು ಥರ ಇದೆ. ಒಂದು, ಹೆಸರು ಮೊದಲ ಸಲ ಸೇರಿಸಿದಾಗ ಮಾತ್ರ ತಾರೀಕು ಬರ್ಕೊಳ್ಳೋದು. ಇನ್ನೊಂದು, ಸೇವ್ ಒತ್ತಿದಾಗಲೆಲ್ಲ ಹೊಸದಾಗಿ ಬರ್ಕೊಳ್ಳೋದು. ಮೊದಲನೇದು ಹಾಕೋ ಕಡೆ ಎರಡನೇದು ಹಾಕಿದೀನಿ. ಎರಡಕ್ಕೂ ಬೀಗ ಒಂದೇ ಥರ, ಅದಕ್ಕೇ ಗೊತ್ತಾಗ್ಲಿಲ್ಲ.”

“ಅಂದ್ರೆ, ಟೈಮೆಷ್ಟು ಅಂತ ನೋಡಿದಾಗೆಲ್ಲ ಮುಳ್ಳು ಸೊನ್ನೆಗೆ ಓಡೋ ಗಡಿಯಾರ,” ಅಂದ ಮುಳ್ಳಣ್ಣ.

“ಹೌದು ಸರ್.”

“ಅಂಥದ್ದನ್ನ ನಾನು ಮಾಡಿದ್ರೆ ಗಿರಾಕಿ ಕಪಾಳಕ್ಕೆ ಕೊಡ್ತಿದ್ದ.”

ಸರಿಮಾಡಲು ಕಾಲು ಗಂಟೆ ಸಾಕಾಯಿತು. ಆದರೆ ಇನ್ನುಮುಂದೆ ತಾರೀಕು ಅಳಿಸದೇ ಇರುವುದು ಬೇರೆ, ಅಳಿಸಿಹೋದದ್ದು ವಾಪಸ್ ಬರುವುದು ಬೇರೆ. ಸಾಲಾಗಿ ಒಂದು, ಎರಡು ಅಂತ ನಂಬರು ಕೊಟ್ಟಿದ್ದರೆ ಅದನ್ನು ನೋಡಿಯಾದರೂ ಯಾರು ಮೊದಲು ಅಂತ ಹೇಳಬಹುದಿತ್ತು. ಕಂಪ್ಯೂಟರ್ ಮೇಡಂ ಜನರ ಹಳೇ ಕಾರ್ಡಿನ ನಂಬರನ್ನೇ ಉಳಿಸಿಕೊಂಡಿದ್ದಳು. ಕಂಪ್ಯೂಟರಿನ ನಕಲು ಪ್ರತಿ ವಾರಕ್ಕೊಂದು ಆಗುತ್ತಿತ್ತು, ಹಳೆಯದರ ಮೇಲೇ ಹೊಸದು. ಉಳಿದ ಸಾಕ್ಷಿ ಒಂದೇ: ಹೆಸರು ಬರೆಸಿದ ದಿನ ಕೊಟ್ಟ ಚೀಟಿ. ಅದರ ಮೇಲೆ ತಾರೀಕಿನ ಮೊಹರು ಇತ್ತು. ಗುರುವಾರ ಮಧ್ಯಾಹ್ನ ಹನ್ನೆರಡರ ಒಳಗೆ ಚೀಟಿ ತಂದು ತೋರಿಸಿದವರಿಗೆ ಅವರವರ ನಿಜವಾದ ಜಾಗ, ತರದವರು ಈಗ ಇದ್ದಲ್ಲೇ ಅಂತ ದೊಡ್ಡ ಡಾಕ್ಟರು ಆರ್ಡರ್ ಮಾಡಿದರು. ಪಟ್ಟಿಯಲ್ಲಿದ್ದವರಿಗೆಲ್ಲ ಫೋನ್ ಹೋಯಿತು. ಆ ವಾರದ ಆಪರೇಷನ್ ಶುಕ್ರವಾರದಿಂದ. ಉಳಿದ ಎರಡು ವಾರಕ್ಕೆ ಸೇರಿ ಇಪ್ಪತ್ನಾಲ್ಕು ಕಣ್ಣು.

ಮುಳ್ಳಣ್ಣ ಅವತ್ತೇ ಚೀಟಿ ತೋರಿಸಿದ, ಹಾಲ್‌ನಲ್ಲಿದ್ದ ಇನ್ನೂ ಹಲವರು ತೋರಿಸಿದರು. ಹದಿನೆಂಟನೇ ಜಾಗ ಸಿಕ್ಕಿತು. ಎಲ್ಲ ಸರಿಯಾಯಿತು ಅಂತ ಬೇರೆಯವರಾದರೆ ಮನೆಗೆ ಹೋಗುತ್ತಿದ್ದರು. ಅವನು ಮಂಗಳವಾರ, ಬುಧವಾರ, ಗುರುವಾರ ಮೂರು ದಿನವೂ ಹಾಲ್‌ನ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತ. ಯಾಕೆಂದರೆ ಒಳಗೆ ಬರುವ ಪ್ರತಿಯೊಬ್ಬನ ಜೇಬಿನಲ್ಲೂ ಒಂದು ಚೀಟಿ ಇರಬಹುದು, ಪ್ರತಿಯೊಂದು ಚೀಟಿಯಲ್ಲೂ ಮಾರ್ಚ್ ನಾಲ್ಕಕ್ಕಿಂತ ಹಿಂದಿನ ತಾರೀಕು ಇರಬಹುದು. ಕೋಲು ಹಿಡಿದು ಬಂದ ಮುದುಕನನ್ನು ನೋಡಿ ಇವನು ಜನವರಿಯವನೇ ಇರಬೇಕು ಅಂದುಕೊಂಡ. ಚೀಟಿ ಕಳೆದುಹೋಗಿದೆ ಅಂತ ಅಳುತ್ತಿದ್ದವಳಿಗೆ “ಛೆ ಛೆ” ಅಂದ, ಒಳಗೆ ಹಗುರಾಯಿತು. ಹಗುರಾದದ್ದು ತನಗೇ ಕೇಳಿಸಿದ ಹಾಗಾಗಿ ಆಚೀಚೆ ನೋಡಿದ.

ಬುಧವಾರಕ್ಕೆ ಹದಿನೆಂಟು ಇಪ್ಪತ್ತೊಂದಾಯಿತು. ಗುರುವಾರ ಹನ್ನೊಂದಕ್ಕೆ ಇಪ್ಪತ್ಮೂರು, ಹನ್ನೊಂದೂವರೆಗೆ ಇಪ್ಪತ್ನಾಲ್ಕು. ಅಲ್ಲಿಗೆ ಅಂಚು. ಹೆಂಡತಿ ಟೀ ಕುಡಿದು ಬರುತ್ತೇನೆ ಅಂತ ಹೊರಗೆ ಹೋದಳು.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಐವತ್ತು ದಾಟಿದ ಒಬ್ಬ ಹೆಂಗಸು ಗೋಡೆ ಸವರಿಕೊಂಡು ಬಂದು ಅವನ ಪಕ್ಕದಲ್ಲೇ ಕೂತಳು. ಚೀಲ ಬಿಚ್ಚಿ ಕಾಗದಗಳನ್ನು ಮಡಿಲಿಗೆ ಸುರಿದುಕೊಂಡಳು.

“ಅಣ್ಣಾ, ಚೀಟಿ ತರಬೇಕಂತೆ. ನನಗೆ ಎರಡೂ ಕಣ್ಣು ಮಂಜು. ಇದರಲ್ಲಿ ಯಾವುದು ನೋಡಿ.”

ಮುಳ್ಳಣ್ಣ ಕಾಗದಗಳನ್ನು ತಗೊಂಡ. ರಕ್ತ ಪರೀಕ್ಷೆಯ ರಸೀದಿ, ಔಷಧಿ ಚೀಟಿ, ಒಂದು ಹಳೆಯ ಬಸ್ ಟಿಕೆಟ್. ನಾಲ್ಕನೆಯದು ಅದೇ. ಮೊಹರು ಮಸುಕಾಗಿತ್ತು. ಭೂತಗನ್ನಡಿ ತೆಗೆದು ಎಡಗಣ್ಣಿಗೆ ಸಿಕ್ಕಿಸಿಕೊಂಡ. ಫೆಬ್ರವರಿ ಇಪ್ಪತ್ತಾರು.

ಹಾಲ್‌ನ ಗಡಿಯಾರದಲ್ಲಿ ಇನ್ನು ಎಂಟು ನಿಮಿಷ. ಇದರಲ್ಲಿ ಚೀಟಿ ಇಲ್ಲ ತಂಗೀ, ಮನೆಯಲ್ಲಿ ಹುಡುಕಿ ಅಂತ ಅಂದರೆ ಸಾಕು. ಅವಳು ನಂಬುತ್ತಾಳೆ. ಕಾಣುವುದಿಲ್ಲವಲ್ಲ. ಮೂವತ್ತೆರಡು ವರ್ಷ ಅಂಗಡಿಗೆ ಬಂದವರೆಲ್ಲ ಇವನು ಒಳಗಿನದನ್ನು ಬದಲಾಯಿಸುತ್ತಾನೆ ಅಂತ ಕಿವಿಗೆ ಹಿಡಿದು ಹಿಡಿದು ನೋಡಿದ್ದರು. ಅವನು ಒಂದು ಸ್ಪ್ರಿಂಗನ್ನೂ ಕದ್ದಿರಲಿಲ್ಲ. ಇವತ್ತು ಯಾರೂ ನೋಡುತ್ತಿಲ್ಲ.

ಅವನು ಆ ಹೊತ್ತಿಗೆ ಊರಲ್ಲಿ ಯಾರ ಮೇಲೂ ಪಟ್ಟಿರದಷ್ಟು ಅನುಮಾನವನ್ನು ತನ್ನ ಮೇಲೆ ಪಟ್ಟ. ಚೀಟಿ ಹಿಡಿದ ಕೈಯನ್ನೇ ಒಮ್ಮೆ ನೋಡಿಕೊಂಡ.

“ಇದೇ ಚೀಟಿ,” ಅಂದ. “ಫೆಬ್ರವರಿ ಇಪ್ಪತ್ತಾರು.”

“ಅದು ಮುಂಚೇನಾ ಅಣ್ಣಾ?”

“ನನಗಿಂತ ಆರು ದಿನ ಮುಂಚೆ.”

ಅವಳು ಚೀಟಿಯನ್ನು ಕಿತ್ತುಕೊಂಡ ಹಾಗೆ ತಗೊಂಡಳು. “ನೀವೂ ಸಾಲಲ್ಲಿರೋರಾ? ಹಾಗಿದ್ರೆ ಸರಿಯಾಗಿ ಓದಿದ್ರೋ ಇಲ್ವೋ. ತಡೀರಿ, ಇನ್ನೊಬ್ಬರ ಹತ್ರ ಓದಿಸ್ತೀನಿ.”

“ಓದಿಸೋರನ್ನ ಹುಡುಕೋದ್ರೊಳಗೆ ಹನ್ನೆರಡಾಗುತ್ತೆ ತಾಯಿ! ಏಳಿ ಮೇಲೆ!” ಅಂತ ಗದರಿ, ಮೊಣಕೈ ಹಿಡಿದು ಕಿಟಕಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದ.

ಚೀಟಿಯಮ್ಮ ಮೊಹರು ನೋಡಿದಳು. ಟಿವಿ ನೋಡಿದಳು. ಮುಳ್ಳಣ್ಣನನ್ನು ನೋಡಿದಳು. ತಾರೀಕು ಹಾಕಿದಳು. 2716 ಇಪ್ಪತ್ತೈದಕ್ಕೆ ಇಳಿಯಿತು.

ಹೊರಗಿನಿಂದ ಬಂದ ಹೆಂಡತಿ ಟಿವಿಯನ್ನು ನೋಡಿ ಅಲ್ಲೇ ನಿಂತಳು. “ಇಪ್ಪತ್ನಾಲ್ಕಿತ್ತಲ್ರೀ?”

“ಇತ್ತು.”

“ನಾನು ಟೀ ಕುಡ್ಕೊಂಡು ಬರೋದ್ರೊಳಗೆ ಏನಾಯ್ತು? ಬಾಗಿಲಿಂದ ನೋಡ್ದೆ, ಆ ಹೆಂಗಸನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ರಲ್ಲ, ಯಾರವಳು?”

“ಫೆಬ್ರವರಿ ಇಪ್ಪತ್ತಾರು,” ಅಂದ. ಹೆಂಡತಿಗೆ ಆ ಉತ್ತರ ಹಿಡಿಸಲಿಲ್ಲ.

ಹೊರಡುವಾಗ ಕಿಟಕಿಯಿಂದ ಚೀಟಿಯಮ್ಮ ಕರೆದಳು. ದನಿ ತಗ್ಗಿಸಿ, ಬೈಯುವ ಹಾಗೇ ಹೇಳಿದಳು: “ಕೊನೇ ದಿನ ಬೆಳಗ್ಗೆ ಏಳಕ್ಕೆ ಬಂದು ಕೂತಿರಿ. ಒಬ್ಬರಿಗೆ ಶುಗರ್ ಏರಿರುತ್ತೆ, ಒಬ್ಬರಿಗೆ ಕೆಮ್ಮು. ಮಲಗಿದಾಗ ಕೆಮ್ಮಿದ್ರೆ ಆಪರೇಷನ್ ಮಾಡಲ್ಲ. ಪ್ರತಿ ಸಲ ಒಬ್ಬರಾದ್ರೂ ವಾಪಸ್ ಹೋಗ್ತಾರೆ.”

ಮುಳ್ಳಣ್ಣ ದಾರಿಯುದ್ದಕ್ಕೂ ಯೋಚಿಸಿದ. ಅವಳು ನನಗೆ ಯಾಕೆ ಒಳ್ಳೇದು ಹೇಳ್ತಾಳೆ? ಏಳಕ್ಕೇ ಯಾಕೆ? ಏನೋ ಮಸಲತ್ತಿರಬೇಕು. ಆದರೂ ಕೊನೆಯ ದಿನ ಆರೂಮುಕ್ಕಾಲಿಗೇ ಹೋಗಿ ಕೂತ.

ಹನ್ನೊಂದು ಗಂಟೆಗೆ ಪಟ್ಟಿಯಲ್ಲಿದ್ದ ಒಬ್ಬ ದಪ್ಪ ಮನುಷ್ಯ ಕೆಮ್ಮುತ್ತಾ ಹೊರಗೆ ಬಂದು, ಡಾಕ್ಟರನ್ನು ಬೈದುಕೊಂಡು ಮನೆಗೆ ಹೋದ. ಹನ್ನೊಂದೂಕಾಲಿಗೆ 2716 ಅಂತ ಕೂಗಿದರು. ಹೆಂಡತಿ ಅವನ ಬೆನ್ನಿಗೆ ಕೈ ಹಾಕಿ ನೂಕಿದಳು, ಮತ್ತೆ ಯಾರಿಗಾದರೂ ಜಾಗ ಬಿಟ್ಟುಕೊಟ್ಟಾನು ಅನ್ನುವ ಭಯದಲ್ಲಿ.

ಒಳಗೆ ತಣ್ಣನೆಯ ಮಂಚದ ಮೇಲೆ ಮಲಗಿಸಿದರು. ಹಸಿರು ಬಟ್ಟೆ ಹಾಕಿದ್ದ ನರ್ಸು ಕಾಗದ ಹಿಡಿದು ಬಗ್ಗಿದಳು.

“ಯಾವ ಕಣ್ಣು ಅಪ್ಪಾಜಿ?”

“ನಿಮ್ಮ ಕಾಗದದಲ್ಲಿ ಏನಂತ ಬರೆದಿದೆ, ಮೊದ್ಲು ನೀವು ಹೇಳಮ್ಮ,” ಅಂದ ಮುಳ್ಳಣ್ಣ. “ಆಮೇಲೆ ನಾನು ಹೇಳ್ತೀನಿ.”